ಐದು ಕಿತ್ತಳೆಯ ಹಂಗು

ಅಜ್ಜಿ ಸೈಕಲ್ ನಿಲ್ಲಿಸಿ ಇಳಿದಾಗ, ನಾನು ದಾರಿ ತಪ್ಪಿರಬೇಕು, ಹೇಳೋಕೆ ಬಂದಿದ್ದಾರೆ ಅಂದುಕೊಂಡೆ. ಅವರು ಮುಂದಿನ ಬುಟ್ಟಿಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಪುಟ್ಟ ಪುಟ್ಟ ಕಿತ್ತಳೆ, ಐದು. ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ, ನನ್ನತ್ತ ಚಾಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದು ಕೈ ಅಲ್ಲಾಡಿಸಿದೆ. ಬೇಡ, ಬೇಡ. ಅವರು ಮತ್ತೆ ಚಾಚಿದರು. ಮಾರೋಕೆ ತಂದಿದ್ದಾರೇನೋ ಅನ್ನಿಸಿ ಪರ್ಸ್ ತೆಗೆದೆ.

ಪರ್ಸ್ ನೋಡಿದ್ದೇ ತಡ, ಅಜ್ಜಿಯ ಮುಖ ಸಣ್ಣದಾಯಿತು. ಏನೋ ತಪ್ಪು ಮಾಡಿದೆ ಅಂತ ಗೊತ್ತಾಯಿತು. ಏನು ತಪ್ಪು ಅಂತ ಗೊತ್ತಾಗಲಿಲ್ಲ. ಪರದೇಶದಲ್ಲಿ ಒಬ್ಬರೇ ತಿರುಗುವಾಗ ಇಂಥದ್ದು ದಿನಕ್ಕೆ ನಾಲ್ಕು ಸಲ ಆಗುತ್ತದೆ, ಸಂಜೆಗೆ ಮರೆತೂ ಹೋಗುತ್ತದೆ. ಇದೊಂದು ಮಾತ್ರ ಇನ್ನೂ ಕಚ್ಚಿಕೊಂಡು ಕೂತಿದೆ.

ಇದು ನಡೆದದ್ದು ಜಪಾನಿನ ಶಿಕೋಕುವಿನಲ್ಲಿ. ನವೆಂಬರ್ ತಿಂಗಳು, ನನ್ನ ನಡಿಗೆಯ ಮೊದಲ ದಿನ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಶಿಕೋಕುವೇ ಚಿಕ್ಕದು. ಆ ದ್ವೀಪವನ್ನು ಸುತ್ತು ಹಾಕುವ 88 ಬೌದ್ಧ ದೇವಾಲಯಗಳ ಯಾತ್ರೆಯೊಂದಿದೆ. ಸುಮಾರು 1200 ಕಿಲೋಮೀಟರ್. ಪೂರ್ತಿ ನಡೆಯುವವರಿಗೆ ಒಂದೂವರೆ ತಿಂಗಳು ಬೇಕಾಗುತ್ತದೆ. ಕೂಕಾಯ್ ಎಂಬ ಗುರುವಿನ (774–835) ಹೆಸರಿನ ಯಾತ್ರೆ ಇದು. ಜನ ಅವರನ್ನು ಕೋಬೋ ದಾಯ್ಶಿ ಅಂತ ಕರೆಯುತ್ತಾರೆ. ಯಾತ್ರಿಕರಿಗೆ ಹೆನ್ರೋ ಅಂತ ಹೆಸರು. ಊರಿನವರು ಅದಕ್ಕೆ ಗೌರವ, ಅಕ್ಕರೆ ಎರಡೂ ಸೇರಿಸಿ ‘ಓಹೆನ್ರೋಸಾನ್’ ಅನ್ನುತ್ತಾರೆ. ನನಗಿದ್ದದ್ದು ಹತ್ತು ದಿನ. ಮೊದಲ ಪ್ರಾಂತ್ಯವಾದ ತೊಕುಶಿಮಾದ 23 ದೇವಾಲಯ ಮುಗಿಸಿದರೆ ಸಾಕು ಅಂತ ಲೆಕ್ಕ ಹಾಕಿದ್ದೆ. ಆ ಲೆಕ್ಕ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಭಕ್ತಿಯಿಂದ ಹೋದವರಲ್ಲ ನಾನು. ಹಿಂದೆ ಎರಡು ಮೂರು ದೇಶ ನೋಡಿದ್ದೆ, ಪಟ್ಟಿ ಹಿಡಿದುಕೊಂಡು. ಬೆಳಿಗ್ಗೆ ಒಂದು ಅರಮನೆ, ಮಧ್ಯಾಹ್ನ ಒಂದು ಮ್ಯೂಸಿಯಂ, ಸಂಜೆ ಒಂದು ಸೇತುವೆ. ವಾಪಸ್ ಬಂದಾಗ ಫೋನಿನಲ್ಲಿ ಎರಡು ಸಾವಿರ ಫೋಟೋ ಇದ್ದವು. ನೆನಪಿಟ್ಟುಕೊಳ್ಳುವಂಥ ಒಬ್ಬ ಮನುಷ್ಯನೂ ಇರಲಿಲ್ಲ. ಪ್ರವಾಸ ಮನಸ್ಸನ್ನು ವಿಶಾಲ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಒಳಗೊಳಗೇ ನಗು. ನನ್ನ ಮನಸ್ಸು ಹೋದಷ್ಟೇ ಅಗಲದಲ್ಲಿ ವಾಪಸ್ ಬಂದಿತ್ತಲ್ಲ! ಈ ಸಲ ನಡೆದು ನೋಡೋಣ ಅಂತ ಹೊರಟೆ, ಅಷ್ಟೇ. ನಡೆಯುವವರು ಜನರನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ.

ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ನನಗೆ ಯಾರ ಹಂಗೂ ಆಗಿಬರಲ್ಲ. ಯಾರಾದರೂ ಒಂದು ಕಾಫಿ ಕೊಡಿಸಿದರೆ ಮುಂದಿನ ಸಲ ನಾನೇ ಕೊಡಿಸುವವರೆಗೂ ನಿದ್ದೆ ಬರಲ್ಲ. ಇದನ್ನು ಸ್ವಾಭಿಮಾನ ಅಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವರು ನಾವು.

ಆ ಬೆಳಿಗ್ಗೆ ಬಾಂದೋ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಡೀಸೆಲ್ ರೈಲು ಇಳಿದು, ಮೊದಲನೆಯ ದೇವಾಲಯ ರ್ಯೋಜೆಂಜಿಗೆ ನಡೆದಿದ್ದೆ. ಆ ಹೆಸರಿಗೆ ಗೃಧ್ರಕೂಟದ ದೇವಾಲಯ ಅಂತ ಅರ್ಥ. ಬುದ್ಧ ಉಪದೇಶ ಮಾಡಿದ ರಾಜಗೃಹದ ಬೆಟ್ಟ ಇದೆಯಲ್ಲ, ಅದೇ. ಅಷ್ಟು ದೂರ ಹೋಗಿ ಮೊದಲು ಕಂಡದ್ದು ಬಿಹಾರದ ಹೆಸರು! ಅಲ್ಲಿನ ಅಂಗಡಿಯಲ್ಲಿ ಯಾತ್ರೆಯ ಸಾಮಾನು ಸಿಗುತ್ತದೆ. ಬಿಳಿ ಅಂಗಿ, ಹುಲ್ಲಿನ ಟೋಪಿ, ಕೋಲು, ದೇವಾಲಯಗಳಲ್ಲಿ ಮೊಹರು ಹಾಕಿಸುವ ಪುಸ್ತಕ, ಹೆಸರು ಬರೆಯುವ ಚೀಟಿಗಳ ಕಟ್ಟು. ನಾನು ಟೋಪಿ ಬಿಟ್ಟು ಉಳಿದದ್ದೆಲ್ಲ ಕೊಂಡೆ. ಬಿಳಿ ಅಂಗಿ ಹೆಣಕ್ಕೆ ತೊಡಿಸುವ ಬಟ್ಟೆಯ ಬಣ್ಣ. ಹಿಂದಿನ ಕಾಲದಲ್ಲಿ ದಾರಿಯಲ್ಲೇ ಸತ್ತವರನ್ನು ಅದೇ ಬಟ್ಟೆಯಲ್ಲಿ ಮಣ್ಣು ಮಾಡಿ, ಅವರ ಕೋಲನ್ನೇ ಗುರುತಿಗೆ ನೆಡುತ್ತಿದ್ದರಂತೆ. ಇದನ್ನು ಕೊಂಡ ಮೇಲೆ ಓದಿದೆ. ಮೊದಲೇ ಓದಿದ್ದರೂ ಕೊಳ್ಳುತ್ತಿದ್ದೆ ಅನ್ನಿ.

ಅಂಗಿಯ ಬೆನ್ನ ಮೇಲೆ, ಕೋಲಿನ ಮೇಲೆ ‘ದೋಗ್ಯೋ ನಿನಿನ್’ ಅಂತ ಬರೆದಿರುತ್ತದೆ. ಇಬ್ಬರು ಜೊತೆಯಾಗಿ ನಡೆಯುತ್ತಿದ್ದಾರೆ ಅಂತ ಅರ್ಥ. ಒಬ್ಬರು ನೀವು, ಇನ್ನೊಬ್ಬರು ದಾಯ್ಶಿ. ಕೋಲೇ ದಾಯ್ಶಿ. ಹಾಗಾಗಿ ಸಂಜೆ ತಂಗುವ ಜಾಗ ತಲುಪಿದ ಕೂಡಲೇ ಮೊದಲು ಕೋಲಿನ ಕಾಲು ತೊಳೆಯಬೇಕು, ಆಮೇಲೆ ನಿಮ್ಮ ಕಾಲು.

ಈಗ ಕಿತ್ತಳೆಗೆ ಬರುತ್ತೇನೆ. ಮೂರನೆಯ ದೇವಾಲಯಕ್ಕೂ ನಾಲ್ಕನೆಯದಕ್ಕೂ ನಡುವಿನ ದಾರಿ ಅದು. ಅಜ್ಜಿ ಮತ್ತು ನಾನು ಹೀಗೆ ಮುಖ ಮುಖ ನೋಡುತ್ತಾ ನಿಂತಿದ್ದಾಗ ಹಿಂದಿನಿಂದ ಕೋಲಿನ ಗಂಟೆಯ ಸದ್ದು ಬಂತು. ಎಪ್ಪತ್ತರ ಆಸುಪಾಸಿನ ಒಬ್ಬ ಜಪಾನಿ ಯಜಮಾನರು. ನನ್ನ ಕೈಯಲ್ಲಿದ್ದ ಪರ್ಸನ್ನೂ ಅಜ್ಜಿಯ ಮುಖವನ್ನೂ ಒಮ್ಮೆ ನೋಡಿದರು. ಅವರಿಗೆ ಅಷ್ಟೇ ಸಾಕಾಯಿತು. ಒಂದು ಮಾತೂ ಆಡದೆ ನನ್ನ ಪರ್ಸನ್ನು ಬೆರಳಿನಿಂದ ಕೆಳಗೆ ತಳ್ಳಿದರು. ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ ತೋರಿಸಿದರು. ಮಕ್ಕಳಿಗೆ ಪ್ರಸಾದ ತೆಗೆದುಕೊಳ್ಳೋದು ಕಲಿಸುವ ಹಾಗೆ. ನಾನು ಬೊಗಸೆ ಒಡ್ಡಿದೆ. ಕಿತ್ತಳೆ ಬಂದವು. ಅಜ್ಜಿಯ ಮುಖ ಅರಳಿತು.

ಆಮೇಲೆ ಯಜಮಾನರು ನನ್ನ ಚೀಲದತ್ತ ಕೈ ತೋರಿಸಿ ‘ಫುದಾ, ಫುದಾ’ ಅಂದರು. ಹೆಸರು ಬರೆದ ಚೀಟಿ. ಪ್ರತಿ ದೇವಾಲಯದಲ್ಲೂ ಎರಡು ಚೀಟಿ ಹಾಕಬೇಕು. ಹೆಸರು, ಊರು, ತಾರೀಖು, ಜೊತೆಗೆ ಒಂದು ಕೋರಿಕೆ. ಕೊಂಡ ಕೂಡಲೇ ಅಲ್ಲೇ ಬೆಂಚಿನ ಮೇಲೆ ಕೂತು ಹದಿನೈದು ಚೀಟಿ ಬರೆದಿಟ್ಟಿದ್ದೆ, ಕನ್ನಡದಲ್ಲೇ. ಹೇಗೂ ದೇವರಿಗೆ ತಾನೆ! ದಾರಿಯಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಅವರಿಗೂ ಅದೇ ಚೀಟಿ ಕೊಡಬೇಕಂತೆ. ಕೊಟ್ಟೆ. ಅಜ್ಜಿ ಚೀಟಿಯನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ಅಕ್ಷರ ನೋಡಿ ಕಣ್ಣರಳಿಸಿ, ಓದು ಅಂತ ಸನ್ನೆ ಮಾಡಿದರು. ನಾನು ನನ್ನ ಹೆಸರಷ್ಟೇ ಓದಿದೆ. ಕೋರಿಕೆ ಓದಲಿಲ್ಲ, ಅವರಿಗೆ ಅರ್ಥವಾಗಲ್ಲ ಅಂತ ಗೊತ್ತಿದ್ದರೂ. ಯಾಕೋ ನಾಚಿಕೆಯಾಯಿತು.

ಯಜಮಾನರ ಇಂಗ್ಲಿಷು, ಫೋನಿನ ಅನುವಾದ, ಎರಡನ್ನೂ ಬೆರೆಸಿ ನನಗೆ ತಿಳಿದದ್ದು ಇಷ್ಟು. ಇದರ ಹೆಸರು ಒಸೆತ್ತಾಯ್. ಯಾತ್ರಿಕರಿಗೆ ಊರಿನವರು ಕೊಡುವ ಸತ್ಕಾರ. ಹಣ್ಣು, ಟೀ, ಕೆಲವೊಮ್ಮೆ ದುಡ್ಡು, ಕೆಲವೊಮ್ಮೆ ರಾತ್ರಿ ಮಲಗಲು ಜಾಗ. ಬೇಡ ಅನ್ನುವ ಹಾಗಿಲ್ಲ. ಯಾಕೆಂದರೆ ಅದು ನಿಮಗೆ ಕೊಟ್ಟದ್ದೇ ಅಲ್ಲ. ನಿಮ್ಮ ಪಕ್ಕದಲ್ಲಿ ನಡೆಯುತ್ತಿರುವ ದಾಯ್ಶಿಗೆ ಕೊಟ್ಟದ್ದು. ಕೊಟ್ಟವರು ಮನೆಯಲ್ಲೇ ಇದ್ದರೂ ಅವರ ಪಾಲಿನ ಯಾತ್ರೆಯನ್ನು ನಿಮ್ಮ ಕಾಲು ನಡೆಯುತ್ತದೆ. ನೀವು ಸುಮ್ನೆ ಹೊತ್ತುಕೊಂಡು ಹೋಗುವವರು. ‘ಪೋಸ್ಟ್‌ಮ್ಯಾನ್’ ಅಂತ ಯಜಮಾನರು ನಕ್ಕರು. ಅವರ ಚೀಟಿ ಹಸಿರು ಬಣ್ಣದ್ದು. ಮೊದಲ ನಾಲ್ಕು ಸುತ್ತು ಬಿಳಿ, ಐದನೆಯದರಿಂದ ಹಸಿರು, ಎಂಟರಿಂದ ಕೆಂಪು, ನೂರು ದಾಟಿದರೆ ಜರಿಯ ಬಟ್ಟೆಯದ್ದು. ಐದನೆಯ ಸಲ ಬಂದವರಿಗೆ ಪೋಸ್ಟ್‌ಮ್ಯಾನ್ ಅನ್ನುವ ಹಕ್ಕು ಇದೆ ಅಲ್ವಾ.

ಕಿತ್ತಳೆ ತಿಂದೆ. ಬಹಳ ಸಿಹಿಯಿದ್ದವು. ಆದರೂ ಆ ಸಂಜೆಯವರೆಗೆ ಗಂಟಲಲ್ಲೇ ಸಿಕ್ಕಿಕೊಂಡ ಹಾಗಿತ್ತು. ಅಜ್ಜಿಯ ಮನೆ ಎಲ್ಲಿ ಅಂತ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಇದನ್ನು ತೀರಿಸುವುದು ಹೇಗೆ?

ಅದಕ್ಕೆ ಒಂದು ಗಂಟೆ ಮುಂಚೆ ನಡೆದ ಇನ್ನೊಂದು ಸಂಗತಿ ಬಿಟ್ಟುಬಿಟ್ಟೆ. ಮೂರನೆಯ ದೇವಾಲಯದ ಅಂಗಳದಲ್ಲಿ ಒಂದು ಬಸ್ಸಿನ ತುಂಬ ಯಾತ್ರಿಕರು ಬಂದಿಳಿದರು. ನಾನು ಎಲ್ಲರನ್ನೂ ನೋಡಿಕೊಂಡು ಮಾಡುತ್ತಿದ್ದೆ. ಹೆಬ್ಬಾಗಿಲಲ್ಲಿ ಬಾಗು, ಕೈ ಬಾಯಿ ತೊಳಿ, ಮುಖ್ಯ ಗುಡಿಯಲ್ಲಿ ಒಂದು ಮೋಂಬತ್ತಿ, ಮೂರು ಊದುಬತ್ತಿ, ಚೀಟಿ, ಕಾಣಿಕೆ, ಪಠಣ. ಆಮೇಲೆ ದಾಯ್ಶಿಯ ಗುಡಿಯಲ್ಲಿ ಇದೇ ಮತ್ತೊಮ್ಮೆ. ಗಂಟೆ ಹೊಡೆಯುವುದಾದರೆ ಒಳಗೆ ಬರುವಾಗ ಮಾತ್ರ, ಹೋಗುವಾಗ ಹೊಡೆದರೆ ಪುಣ್ಯ ವಾಪಸ್ ಹೋಗುತ್ತದಂತೆ. ಅವರ ಪಠಣ ಶುರುವಾಯಿತು. ಮರದ ತಾಳಕ್ಕೆ ಒಂದೊಂದೇ ಅಕ್ಷರ, ಏರಿಳಿತ ಇಲ್ಲ, ಮಳೆ ತಗಡಿನ ಮೇಲೆ ಬಿದ್ದ ಹಾಗೆ. ಒಂದಕ್ಷರ ಅರ್ಥವಾಗಲಿಲ್ಲ. ಊದುಬತ್ತಿಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಹೊರಡೋಣ ಅಂತ ತಿರುಗಿದೆ.

ಆಗ ಕೊನೆಯ ಸಾಲು ಬಂತು. ‘ಗ್ಯಾತೇ ಗ್ಯಾತೇ ಹಾರಾಗ್ಯಾತೇ ಹಾರಾಸೋಗ್ಯಾತೇ ಬೋಜಿ ಸೋವಾಕಾ.’

ನಿಂತುಬಿಟ್ಟೆ. ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ! ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಮಂತ್ರ. ಸಂಸ್ಕೃತ ಚೀನಾಕ್ಕೆ ಹೋಗಿ, ಅಲ್ಲಿಂದ ಕಡಲು ದಾಟಿ, ಬಾಯಿಂದ ಬಾಯಿಗೆ ಸವೆದು, ಈ ಬಸ್ಸಿನ ಅಜ್ಜ ಅಜ್ಜಿಯರ ನಾಲಿಗೆಗೆ ಬಂದಿತ್ತು. ಅವರಿಗೂ ಅದರ ಪದ ಪದದ ಅರ್ಥ ಗೊತ್ತಿರಲಿಕ್ಕಿಲ್ಲ. ನನಗೆ ಆ ದೇಶದ ಉಳಿದ ಯಾವ ಮಾತೂ ಗೊತ್ತಿಲ್ಲ. ಇಡೀ ಅಂಗಳದಲ್ಲಿ ಅದೊಂದು ಸಾಲು ಮಾತ್ರ ಇಬ್ಬರದ್ದೂ ಆಗಿತ್ತು.

ಅವತ್ತಿನಿಂದ ಕಿವಿ ತೆರೆದುಕೊಂಡಿತು. ಅವರು ‘ಗೋಮಾ’ ಅನ್ನುವುದು ನಮ್ಮ ಹೋಮ. ‘ನಮು’ ಅಂದರೆ ನಮೋ. ವೀಣೆಯಂಥ ವಾದ್ಯ ಹಿಡಿದ ಬೆಂಜಾಯ್ತೆನ್ ಅಂದರೆ ಸರಸ್ವತಿ. ಜಪಾನಿ ಅಕ್ಷರಮಾಲೆ ಕೂಡ ಅ ಇ ಉ ಎ ಒ ಅಂತ ಶುರುವಾಗಿ, ಕ ಸ ತ ನ ಹ ಮ ಯ ರ ವ ಅಂತ ಸಾಗುತ್ತದೆ. ಸಂಸ್ಕೃತ ಕಲಿತ ಭಿಕ್ಷುಗಳಿಂದ ಬಂದ ಕ್ರಮ ಅದು. ಇದನ್ನೆಲ್ಲ ಕಂಡು, ‘ನೋಡಿ, ನಮ್ಮಿಂದಲೇ ಹೋದದ್ದು’ ಅಂತ ಎದೆ ಉಬ್ಬಿಸುವವರೂ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಅವರು ಅದನ್ನು ಸಾವಿರದ ಇನ್ನೂರು ವರ್ಷ ದಿನಾ ಬೆಳಿಗ್ಗೆ ಹೇಳಿಕೊಂಡು ಬಂದಿದ್ದಾರೆ. ನಾನು ಶಾಲೆಯಲ್ಲಿ ಮಾರ್ಕ್ಸಿಗಾಗಿ ಸಂಸ್ಕೃತ ತೆಗೆದುಕೊಂಡು ಬಿಟ್ಟುಬಿಟ್ಟೆ. ಈಗ ಅದು ಯಾರದ್ದು?

ನಾನು ರೈಲು ಇಳಿದ ಬಾಂದೋದ ಬಗ್ಗೆ ಒಂದು ಮಾತು. ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಸುಮಾರು ಸಾವಿರ ಜರ್ಮನ್ ಸೈನಿಕರನ್ನು 1917ರಿಂದ 1920ರವರೆಗೆ ಅಲ್ಲಿ ಇಟ್ಟಿದ್ದರು. 1918ರ ಜೂನ್ 1ರಂದು ಆ ಕೈದಿಗಳು ಬೇಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ಪೂರ್ತಿಯಾಗಿ ನುಡಿಸಿದರು. ಜಪಾನಿನಲ್ಲಿ ಅದೇ ಮೊದಲು. ಹಳ್ಳಿಯವರು ಅವರನ್ನು ‘ದೊಯಿತ್ಸುಸಾನ್’, ಅಂದರೆ ಜರ್ಮನ್‌ರವರು ಅಂತ ಮರ್ಯಾದೆ ಕೊಟ್ಟು ಕರೆಯುತ್ತಿದ್ದರು. ಅವರಿಂದ ಬ್ರೆಡ್ಡು ಮಾಡುವುದನ್ನೂ ಕಲಿತರು. ಆ ಕೈದಿಗಳು ಕಟ್ಟಿದ ಕಲ್ಲಿನ ಪುಟ್ಟ ಸೇತುವೆ ಇನ್ನೂ ಇದೆ. ಶತ್ರು ಸೈನಿಕನನ್ನೇ ಹೀಗೆ ನೋಡಿಕೊಂಡ ಊರಿನ ಪಕ್ಕದಲ್ಲೇ ನಾನು ಕಿತ್ತಳೆಗೆ ಪರ್ಸ್ ತೆಗೆದಿದ್ದೆ.

ಎಲ್ಲಾ ಹೀಗೆ ಚೆಂದವಾಗಿ ನಡೆಯಿತು ಅಂದುಕೊಳ್ಳಬೇಡಿ. ಎರಡನೆಯ ದಿನ ರಾತ್ರಿ ಇಳಿದುಕೊಂಡ ಸಣ್ಣ ಮನೆಯಲ್ಲಿ ಟಾಯ್ಲೆಟ್ಟಿನ ಚಪ್ಪಲಿ ಹಾಕಿಕೊಂಡೇ ಊಟದ ಕೋಣೆಗೆ ನಡೆದೆ. ಅಲ್ಲಿ ಟಾಯ್ಲೆಟ್ಟಿಗೆ ಬೇರೆಯೇ ಚಪ್ಪಲಿ, ಅದು ಬಾಗಿಲು ದಾಟುವ ಹಾಗಿಲ್ಲ. ಮನೆಯಾಕೆ ನನ್ನ ಕಾಲು ನೋಡಿ ‘ಆ!’ ಅಂದು ಬಾಯಿ ಮುಚ್ಚಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು. ಊಟದ ವಿಷಯವೂ ಅಷ್ಟೆ. ಮೀನು ತಿನ್ನಲ್ಲ ಅಂತ ಜಪಾನಿಯಲ್ಲಿ ಬರೆಸಿಟ್ಟುಕೊಂಡಿದ್ದೆ. ಆದರೆ ಸೂಪಿನ ನೀರೇ ಒಣಮೀನಿನ ಚೂರಿನಿಂದ ಮಾಡಿದ್ದು. ಮೊದಲ ದಿನ ಮುಟ್ಟಲಿಲ್ಲ. ಮೂರನೆಯ ದಿನ, ಹದಿನೆಂಟು ಕಿಲೋಮೀಟರ್ ನಡೆದ ಮೇಲೆ, ಗೊತ್ತಿದ್ದೂ ಕುಡಿದೆ. ಸರಿಯೋ ತಪ್ಪೋ ಅಂತ ಇವತ್ತಿಗೂ ತೀರ್ಮಾನ ಮಾಡಿಲ್ಲ. ಅವತ್ತಿನ ಮನೆಯಾಕೆ ಬಟ್ಟಲನ್ನು ಎರಡೂ ಕೈಯಲ್ಲಿ ಇಟ್ಟಾಗ ವಾಪಸ್ ತಳ್ಳುವ ಶಕ್ತಿ ನನಗಿರಲಿಲ್ಲ.

ಆ ಮೂರನೆಯ ದಿನವೇ ಒಂದು ಕಡೆ ಜಾಗ ಸಿಗಲಿಲ್ಲ. ಫೋನು ಮಾಡಿ, ಬರೆದಿಟ್ಟುಕೊಂಡ ಜಪಾನಿ ಸಾಲು ಓದಿದೆ. ಆ ಕಡೆಯವರು ಏನೋ ಕೇಳಿದರು, ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದರು. ನಾನು ಅದೇ ಸಾಲು ಮತ್ತೆ ಓದಿದೆ. ಫೋನಿಟ್ಟುಬಿಟ್ಟರು. ಸಂಜೆ ನಾಲ್ಕೂವರೆ, ಕತ್ತಲು ಬೀಳುತ್ತಿತ್ತು, ಸಣ್ಣಗೆ ಮಳೆ. ಮೊಹರು ಹಾಕುವ ಕಚೇರಿ ಐದಕ್ಕೆ ಮುಚ್ಚುತ್ತದೆ. ಐದು ಅಂದರೆ ಐದೇ, ಐದೂ ಒಂದು ಅಲ್ಲ. ಯಾರಿಗೆ ಬೇಕಿತ್ತು ಇದೆಲ್ಲ ಅಂತ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡೆ. ಮಾತು ಬಾರದ ಊರಿನಲ್ಲಿ ದೊಡ್ಡವರೂ ಮಗುವೇ. ಕೆಲಸದಲ್ಲಿ ಹತ್ತು ಜನಕ್ಕೆ ಹೇಳಿ ಮಾಡಿಸುವವರು ಅಲ್ಲಿ ಒಂದು ರಾತ್ರಿ ಮಲಗೋಕೆ ಜಾಗ ಕೇಳಲಾರರು. ಕೊನೆಗೆ ಹಿಂದಿನ ರಾತ್ರಿಯ ಮನೆಯಾಕೆಗೇ ಫೋನು ಮಾಡಿದೆ. ಚಪ್ಪಲಿ ಅಂದೆ. ಅಷ್ಟು ಸಾಕಾಯಿತು, ಗುರುತು ಹಿಡಿದು ನಕ್ಕರು. ಅವರೇ ಇನ್ನೆಲ್ಲೋ ಮಾತಾಡಿ ಜಾಗ ಮಾಡಿಕೊಟ್ಟರು. ಎರಡನೆಯ ಸಾಲ.

ಆ ರಾತ್ರಿ ಕೂಕಾಯ್ ಬಗ್ಗೆ ಓದುತ್ತಾ ಮಲಗಿದೆ. 804ರಲ್ಲಿ ಚೀನಾಕ್ಕೆ ಹೊರಟ ರಾಯಭಾರದ ಹಡಗಿನಲ್ಲಿ ಅವರಿದ್ದರು. ಬಿರುಗಾಳಿಗೆ ಸಿಕ್ಕಿ ಹಡಗು ಗುರಿ ತಪ್ಪಿ ಫೂಜಿಯಾನ್ ಕರಾವಳಿಗೆ ಹೋಗಿ ಬಿತ್ತು. ಅಲ್ಲಿನ ಅಧಿಕಾರಿಗಳು ಇವರ ಮೇಲೆ ಅನುಮಾನಪಟ್ಟು ಒಳಗೆ ಬಿಡಲಿಲ್ಲ. ಕಡೆಗೆ ಕೂಕಾಯ್ ಒಳ್ಳೆಯ ಚೀನೀ ಭಾಷೆಯಲ್ಲಿ ಒಂದು ಪತ್ರ ಬರೆದುಕೊಟ್ಟ ಮೇಲೆ ದಾರಿ ಬಿಟ್ಟರು. ಅಂದರೆ ಇವರೂ ಬಾಗಿಲಲ್ಲಿ ನಿಂತವರೇ! ಚಾಂಗಾನ್ ನಗರದಲ್ಲಿ ಅವರಿಗೆ ಸಂಸ್ಕೃತ ಹೇಳಿಕೊಟ್ಟವರಲ್ಲಿ ಒಬ್ಬರು ಭಾರತದ ಕಡೆಯಿಂದ ಬಂದ ಪ್ರಜ್ಞ ಎಂಬ ಭಿಕ್ಷು. ಇಪ್ಪತ್ತು ವರ್ಷ ಇರಬೇಕಾಗಿದ್ದವರು ಎರಡೇ ವರ್ಷದಲ್ಲಿ ಕಲಿತು 806ರಲ್ಲಿ ಮರಳಿದರು. ನನಗೆ ಹತ್ತು ದಿನದಲ್ಲಿ ಸಂಸ್ಕೃತಿ ಅರ್ಥವಾಗುತ್ತದೆ ಅಂತ ಇರಲಿಲ್ಲ. ಒಂದು ಫೋನು ಮಾಡಲು ಬಂದರೆ ಸಾಕಿತ್ತು.

ನಾಲ್ಕನೆಯ ದಿನ ಹತ್ತನೆಯ ದೇವಾಲಯ ಕಿರಿಹಾತಾಜಿಯ 333 ಮೆಟ್ಟಿಲು ಹತ್ತಿ ಇಳಿದು, ದಕ್ಷಿಣಕ್ಕೆ ತಿರುಗಿದೆ. ಅಡ್ಡಕ್ಕೆ ಯೋಶಿನೋ ನದಿ. ಅಲ್ಲಿನ ಸೇತುವೆ ತೀರಾ ತಗ್ಗಿನಲ್ಲಿದೆ, ಅಕ್ಕಪಕ್ಕ ಕಟಾಂಜನವೇ ಇಲ್ಲ. ಪ್ರವಾಹ ಬಂದರೆ ಸೇತುವೆಯ ಮೇಲೇ ಹರಿದುಹೋಗಲಿ, ಕಸಕಡ್ಡಿ ಸಿಕ್ಕಿಕೊಂಡು ಸೇತುವೆ ಮುರಿಯದಿರಲಿ ಅಂತ ಹಾಗೆ ಕಟ್ಟುತ್ತಾರೆ. ಮುಳುಗಲೆಂದೇ ಕಟ್ಟಿದ ಸೇತುವೆ! ಅದರ ಮೇಲೆ ಕಾಲಿಟ್ಟಾಗ ಕೋಲು ಎತ್ತಿ ಹಿಡಿದುಕೊಂಡೆ. ಸೇತುವೆಯ ಮೇಲೆ ಕೋಲು ಕುಟ್ಟಬಾರದು. ಒಮ್ಮೆ ದಾಯ್ಶಿಗೆ ಯಾರ ಮನೆಯಲ್ಲೂ ಮಲಗಲು ಜಾಗ ಸಿಗದೆ, ಚಳಿಯಲ್ಲಿ ಒಂದು ಸೇತುವೆಯ ಕೆಳಗೆ ರಾತ್ರಿ ಕಳೆದರಂತೆ. ಆ ಸೇತುವೆ ಇರುವುದು ದ್ವೀಪದ ಇನ್ನೊಂದು ತುದಿಯಲ್ಲಿ, ಎಹಿಮೆಯಲ್ಲಿ. ಆದರೂ ಇವತ್ತಿಗೂ ಯಾತ್ರಿಕರು ಯಾವ ಸೇತುವೆಯ ಮೇಲೂ ಕೋಲು ಊರಲ್ಲ. ಕೆಳಗೆ ಅವರು ಮಲಗಿರಬಹುದು, ಎಬ್ಬಿಸಬಾರದು. ಹಿಂದಿನ ಸಂಜೆ ಫೋನಿಟ್ಟುಬಿಟ್ಟವರ ಮೇಲಿನ ಸಿಟ್ಟು ಅರ್ಧ ಸೇತುವೆಯಲ್ಲಿ ಎಲ್ಲೋ ಇಳಿದುಹೋಯಿತು. ಕೋಲು ತೋಳಿನಲ್ಲಿ ಮಗುವಿನ ಹಾಗೆ ಇತ್ತು, ನೀರು ಕಾಲಿನ ಪಕ್ಕದಲ್ಲೇ ಹರಿಯುತ್ತಿತ್ತು.

ಐದನೆಯ ದಿನದ್ದು ಹೇಳಲೇಬೇಕು. ಹನ್ನೊಂದರಿಂದ ಹನ್ನೆರಡನೆಯ ದೇವಾಲಯ ಶೋಸಾನ್‌ಜಿಗೆ ಸುಮಾರು 13 ಕಿಲೋಮೀಟರ್, ಪೂರಾ ಬೆಟ್ಟ. ಆ ದಾರಿಗೆ ‘ಹೆನ್ರೋ ಕೊರೊಗಾಶಿ’ ಅಂತ ಹೆಸರು, ಯಾತ್ರಿಕರನ್ನು ಉರುಳಿಸುವ ದಾರಿ. ಹತ್ತಿದ್ದೆಲ್ಲ ಒಮ್ಮೆ ಇಳಿಸಿ, ಮತ್ತೆ ಹತ್ತಿಸುತ್ತದೆ. ಹತ್ತುವಾಗ ಉಸಿರು ಹೋಯಿತು, ಇಳಿಯುವಾಗ ಮೊಣಕಾಲು ಹೋಯಿತು. ಸುಮಾರು 745 ಮೀಟರ್ ಎತ್ತರದಲ್ಲಿ ಒಂದು ಭಾರೀ ದೇವದಾರು ಮರ, ಅದರ ಮುಂದೆ ಮೆಟ್ಟಿಲ ಮೇಲೆ ದಾಯ್ಶಿಯ ದೊಡ್ಡ ವಿಗ್ರಹ. ಎದ್ದು ನೋಡುವಷ್ಟು ಕಾಲು ಗಟ್ಟಿಯಿದ್ದದ್ದು ಅಲ್ಲಿಯವರೆಗೆ. ಅಲ್ಲಿಂದ ಕೆಳಗಿನ ಪುಟ್ಟ ಹಳ್ಳಿಗೆ ಇಳಿಯುವಾಗ ಬಲ ಮೊಣಕಾಲಿನಲ್ಲಿ ಸೂಜಿ ಚುಚ್ಚಿದ ಹಾಗಾಗಿ, ಕಲ್ಲಿನ ಮೇಲೆ ಕೂತೆ.

ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರು ನಿಂತರು, ಅರವತ್ತರ ಮೇಲಿನವರು. ‘ದಾಯ್ಜೋಬು?’ ಅಂದರು. ಪರವಾಗಿಲ್ಲವಾ ಅಂತ. ಆ ಹೊತ್ತಿಗೆ ನನಗೆ ಚೆನ್ನಾಗಿ ಬರುತ್ತಿದ್ದ ಮಾತು ಅದೊಂದೇ. ‘ದಾಯ್ಜೋಬು, ದಾಯ್ಜೋಬು’ ಅಂತ ನಗುಮುಖ ಮಾಡಿದೆ. ಒಬ್ಬರು ನನ್ನ ಮೊಣಕಾಲನ್ನೂ ಮುಖವನ್ನೂ ನೋಡಿ, ತಾಯಿ ಗದರುವ ಹಾಗೆ ‘ದಾಯ್ಜೋಬು ಜನಾಯ್’ ಅಂದರು. ಪರವಾಗಿಲ್ಲ ಅಲ್ಲ ಇದು. ಕೆಳಗೆ ಮಂಡಿಯೂರಿ, ಚೀಲದಿಂದ ಅಂಟುಪಟ್ಟಿ ತೆಗೆದು, ನನ್ನ ಪ್ಯಾಂಟು ಮಡಿಸಿ, ಮೊಣಚಿಪ್ಪಿನ ಎರಡೂ ಪಕ್ಕಕ್ಕೆ ಬಿಗಿಯಾಗಿ ಅಂಟಿಸಿದರು. ಇನ್ನೊಬ್ಬರು ಆಗಲೇ ನನ್ನ ಬ್ಯಾಗು ಹೊತ್ತಾಗಿತ್ತು. ಕೊಡಿ ಅಂತ ಕೈ ಚಾಚಿದೆ. ಕೇಳಿಸದವರ ಹಾಗೆ ಮುಂದೆ ನಡೆದರು. ತಮ್ಮ ಬ್ಯಾಗು ಬೆನ್ನಿಗೆ, ನನ್ನದು ಎದೆಗೆ.

ಆ ಕೊನೆಯ ಏರಿನಲ್ಲಿ ನಾನು ಬರಿಗೈಯಲ್ಲಿ ಅವರ ಹಿಂದೆ ನಡೆದೆ. ಅರವತ್ತು ದಾಟಿದವರು ನನ್ನ ಭಾರ ಹೊತ್ತು ಮುಂದೆ, ನಾನು ಕೋಲೂರಿ ಹಿಂದೆ. ಮೊದಲ ಅರ್ಧ ಗಂಟೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ, ಯಾವಾಗ ಅಂತ ಗೊತ್ತಿಲ್ಲ, ಸುತ್ತ ನೋಡೋಕೆ ಶುರು ಮಾಡಿದೆ. ದೇವದಾರುಗಳ ನಡುವೆ ಬಿಸಿಲು ಕೋಲು ಕೋಲಾಗಿ ಇಳಿದಿತ್ತು. ಅಷ್ಟು ದಿನ ನನ್ನ ಬೆನ್ನಿನ ಭಾರ, ಉಳಿದ ಕಿಲೋಮೀಟರು, ಐದು ಗಂಟೆ, ಇಷ್ಟೇ ತಲೆಯಲ್ಲಿತ್ತು. ಬೇರೆಯವರು ಹೊತ್ತ ಮೇಲೆ ಕಾಡು ಕಂಡಿತು.

ದೇವಾಲಯ ತಲುಪಿದಾಗ ನಾಲ್ಕು ಗಂಟೆ. ಒಬ್ಬರು ಮೊಹರಿನ ಕಚೇರಿಗೆ ಓಡಿ ನನ್ನ ಪುಸ್ತಕಕ್ಕೂ ಸಾಲು ಹಿಡಿದರು. 500 ಯೆನ್. ಕುಂಚದಲ್ಲಿ ಕಪ್ಪು ಅಕ್ಷರ, ಮೇಲೆ ಮೂರು ಕೆಂಪು ಮೊಹರು. ಕುಂಚ ಹಿಡಿದವರು ಒಮ್ಮೆಯೂ ಕೈ ನಡುಗದೆ, ಒಂದೇ ಉಸಿರಿನಲ್ಲಿ ಬರೆದು, ಹಾಳೆಯ ಮೇಲೆ ಹೀರುವ ಕಾಗದ ಇಟ್ಟು ಮುಚ್ಚಿದರು. ನನ್ನ ಪುಸ್ತಕದಲ್ಲಿ ಅದೊಂದು ಪುಟದ ಮೂಲೆಗೆ ಸ್ವಲ್ಪ ಮಸಿ ತಾಗಿದೆ, ಆ ಅಕ್ಕ ಅವಸರದಲ್ಲಿ ತೆಗೆದುಕೊಂಡದ್ದಕ್ಕೆ.

ಥ್ಯಾಂಕ್ಸ್ ಹೇಳಲು ‘ಅರಿಗಾತೋ’ ಅಂದೆ. ಸಾಲದು ಅನ್ನಿಸಿತು. ಜಪಾನಿಯರು ಏನಾದರೂ ಪಡೆಯುವಾಗ ‘ಸುಮಿಮಾಸೆನ್’ ಅನ್ನುವುದನ್ನು ಗಮನಿಸಿದ್ದೆ. ಅದು ಕ್ಷಮಿಸಿ ಅನ್ನೋಕೂ ಬಳಸುವ ಮಾತು, ನನಗೆ ಗೊಂದಲವಾಗಿತ್ತು. ಅವರ ಫೋನಿನಲ್ಲಿ ಕೇಳಿದೆ. ಮೂಲದಲ್ಲಿ ಅದಕ್ಕೆ ‘ಮುಗಿದಿಲ್ಲ, ತೀರಿಲ್ಲ’ ಅಂತ ಅರ್ಥ ಎಂದು ಬಂತು. ತೀರಿಲ್ಲ! ನಾನು ಐದು ದಿನದಿಂದ ಯಾವುದನ್ನು ತೀರಿಸೋದು ಹೇಗೆ ಅಂತ ಒದ್ದಾಡುತ್ತಿದ್ದೆನೋ, ಅದು ತೀರಿಲ್ಲ ಅಂತ ಬಾಯಿಬಿಟ್ಟು ಹೇಳಿ ಬಾಗಿದರೆ ಆಯಿತಂತೆ. ಹೇಳಿದೆ. ಚೀಟಿ ಕೊಟ್ಟೆ. ಅವರು ತಮ್ಮದನ್ನು ಕೊಟ್ಟರು.

ಅಲ್ಲಿಂದ ಇಳಿಯುವ ದಾರಿಯಲ್ಲಿ ಎಮೊನ್ ಸಾಬುರೋ ಕಥೆಯ ಜಾಗ ಇದೆ. ಭಿಕ್ಷೆಗೆ ಬಂದ ದಾಯ್ಶಿಯನ್ನು ಓಡಿಸಿ ಭಿಕ್ಷಾಪಾತ್ರೆ ಒಡೆದ ಸಾಹುಕಾರ. ಮಕ್ಕಳೆಲ್ಲ ಸತ್ತ ಮೇಲೆ ಕ್ಷಮೆ ಕೇಳಲು ದ್ವೀಪವನ್ನು ಇಪ್ಪತ್ತು ಸುತ್ತು ಸುತ್ತಿದ. ಸಿಗಲಿಲ್ಲ. ಇಪ್ಪತ್ತೊಂದನೆಯ ಸಲ ಉಲ್ಟಾ ಸುತ್ತಿದ, ಇಲ್ಲಿ ಕುಸಿದು ಬಿದ್ದಾಗ ದಾಯ್ಶಿ ಎದುರಿಗೆ ಬಂದರಂತೆ. ಈ ಯಾತ್ರೆ ಶುರುವಾದದ್ದೇ ಅವನಿಂದ ಅನ್ನುತ್ತಾರೆ. ಅವನು ಕೊಡಲು ಒಲ್ಲೆ ಅಂದವನು. ತೆಗೆದುಕೊಳ್ಳಲು ಒಲ್ಲೆ ಅಂದವರಿಗೆ ಎಷ್ಟು ಸುತ್ತಿನ ಶಿಕ್ಷೆಯೋ, ಕಥೆಯಲ್ಲಿ ಇಲ್ಲ.

ಮೊಣಕಾಲು ಮತ್ತೆ ಸರಿಯಾಗಲಿಲ್ಲ. ಹದಿಮೂರರಿಂದ ಹದಿನೇಳನೆಯ ದೇವಾಲಯದವರೆಗೆ, ಹತ್ತಿರ ಹತ್ತಿರ ಇರುವುದರಿಂದ, ಕುಂಟುತ್ತಾ ನೋಡಿದೆ. 23ರ ಲೆಕ್ಕ 17ಕ್ಕೇ ನಿಂತಿತು. ಕೊನೆಯದರಲ್ಲಿ, ಇದೋಜಿಯಲ್ಲಿ, ದಾಯ್ಶಿ ಒಂದೇ ರಾತ್ರಿಯಲ್ಲಿ ತೋಡಿದರು ಅನ್ನುವ ಬಾವಿ ಇದೆ. ಇಣುಕಿದರೆ ಮುಖ ಕಾಣಬೇಕು, ಕಾಣದಿದ್ದರೆ ಮೂರು ವರ್ಷದೊಳಗೆ ಕೆಡುಕು. ನಂಬಿಕೆ ಇಲ್ಲದಿದ್ದರೂ ಜೀವ ಬಿಗಿ ಹಿಡಿದು ಇಣುಕಿದೆ. ಕಂಡಿತು, ಕೂದಲು ಕೆದರಿ.

ವಾಪಸ್ ಬಂದ ಮೇಲೆ ಏನು ಬದಲಾಯಿತು ಅಂತ ಕೇಳಿದವರಿಗೆ ಹೇಳೋಕೆ ದೊಡ್ಡದೇನೂ ಇಲ್ಲ. ಯಾರಾದರೂ ಬ್ಯಾಗು ಕೊಡಿ ಹಿಡಿದುಕೊಳ್ಳುತ್ತೇನೆ ಅಂದರೆ ಕೊಡುತ್ತೇನೆ. ಭಾಷೆ ಬಾರದವರು ಎದುರಿಗೆ ತಡವರಿಸಿದರೆ ಫೋನಿಡಲ್ಲ, ಕಾಯುತ್ತೇನೆ. ಕಾಫಿಯ ಲೆಕ್ಕ ಇನ್ನೂ ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.

ಯಜಮಾನರು ಅವತ್ತು ಇನ್ನೊಂದು ವಿಷಯ ಹೇಳಿದ್ದರು. ಯಾತ್ರಿಕರು ಕೊಟ್ಟ ಚೀಟಿಗಳನ್ನು ಅಲ್ಲಿನ ಹಳೆಯ ಮನೆಗಳಲ್ಲಿ ಎಸೆಯುತ್ತಿರಲಿಲ್ಲವಂತೆ. ಹುಲ್ಲಿನ ಮೂಟೆಯಲ್ಲಿ ತುಂಬಿ ಅಟ್ಟದಲ್ಲಿ ಕಟ್ಟಿಡುತ್ತಿದ್ದರಂತೆ, ಮನೆಗೆ ಕೆಡುಕು ಬರದಿರಲಿ ಅಂತ. ಕಿತ್ತಳೆ ಕೊಟ್ಟ ಅಜ್ಜಿ ನನ್ನ ಚೀಟಿಯನ್ನು ಎಲ್ಲಿಟ್ಟರೋ. ಅದರ ಮೇಲೆ ಉಂಡುಂಡೆ ಕನ್ನಡ ಅಕ್ಷರದಲ್ಲಿ, ಅಲ್ಲಿ ಯಾರಿಗೂ ಓದೋಕೆ ಬಾರದ ಹಾಗೆ, ನನ್ನ ಆವತ್ತಿನ ಕೋರಿಕೆ ಇದೆ: ‘ಈ ಪ್ರಯಾಣದಲ್ಲಿ ಯಾರ ಸಹಾಯವೂ ಬೇಕಾಗದಿರಲಿ.’